ಅಂಗಮ್ಮ ಎರಡನೇ ಸಲ ಹೂ ಕೇಳಿದ್ದು

ನನ್ನ ಹೊಟ್ಟೆಕಿಚ್ಚಿನಿಂದ ಶುರುವಾದ ಕಥೆ ಇದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅಂಗಮ್ಮನ ಬಗ್ಗೆ ಬರೆಯುತ್ತ ಬರೆಯುತ್ತ ನಾನೇನೋ ಮಹಾ ಉಪಕಾರ ಮಾಡಿದವಳ ಹಾಗೆ ಕಾಣಿಸಿಬಿಡುತ್ತೇನೆ.

1982ರಲ್ಲಿ ನಾನು ಕಾರಮಡೈಯ ಒಂದು ಬ್ಯಾಂಕಿನಲ್ಲಿ ಕ್ಲರ್ಕ್. ಮನೆ ಕೊಯಮತ್ತೂರಿನಲ್ಲಿ, ದಿನಾ ಬೆಳಿಗ್ಗೆ ಮೇಟ್ಟುಪಾಳ್ಯಂ ಬಸ್ಸು ಹತ್ತಿ, ಪೆರಿಯನಾಯಕನಪಾಳ್ಯಂನ ಗಿರಣಿ ಜನರ ಮೊಣಕೈ ತಿವಿಸಿಕೊಂಡು ಹೋಗಿ ಇಳಿಯುತ್ತಿದ್ದೆ. ಬಿ.ಕಾಂ.ನಲ್ಲಿ ಫಸ್ಟ್ ಕ್ಲಾಸು. ಆದರೂ ಆರು ವರ್ಷದಿಂದ ಕೌಂಟರಿನ ಅದೇ ಕಂಬಿ, ಅದೇ ಕುರ್ಚಿ. ಆ ವರ್ಷ ನಮ್ಮ ಶಾಖೆಗೆ ಆರುಮುಗಂ ಎಂಬುವವನು ಬಂದ. ಕೃಷಿ ಪದವೀಧರ, ನನಗಿಂತ ಮೂರು ವರ್ಷ ಚಿಕ್ಕವನು, ಬರುತ್ತಲೇ ಅಧಿಕಾರಿ. ತೋಟಗಳನ್ನು ನೋಡಿಕೊಂಡು ಬಂದು, ಕೆಸರು ಮೆತ್ತಿದ ಬೂಟಿನಲ್ಲೇ ನನ್ನ ಮೇಜಿನ ಹತ್ತಿರ ನಿಂತು, "ಮೇಡಮ್, ಇದನ್ನು ಸ್ವಲ್ಪ ಟೈಪ್ ಮಾಡಿಸಿಬಿಡಿ" ಎನ್ನುತ್ತಿದ್ದ. ತಪ್ಪೇನೂ ಇಲ್ಲ, ಒಳ್ಳೆಯ ಹುಡುಗನೇ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅಂಗಮ್ಮ ನಮ್ಮ ಗಿರಾಕಿ. ಊರಿನಿಂದ ಎರಡು ಮೈಲಿ ದೂರದಲ್ಲಿ ಎರಡು ಎಕರೆ ಬಾಳೆ ತೋಟ, ಗಂಡ ಇಲ್ಲ, ಒಬ್ಬಳೇ ಮಗಳು ಮಲ್ಲಿಗಾ. ಮೊದಲ ದಿನ ಕೌಂಟರಿನ ಮುಂದೆ ನಿಂತು ಮಗಳನ್ನು ಮೆಲ್ಲಗೆ ಗದರುತ್ತಿದ್ದಳು: "ಮುಂದಕ್ಕೆ ಹೋಗೇ, ಆಯಮ್ಮ ಏನು ಕಚ್ತಾಳಾ?"

"ಕಚ್ಚಲ್ಲ, ಬಾಮ್ಮ" ಎಂದೆ ನಾನು, ಕನ್ನಡದಲ್ಲೇ.

ತಾಯಿ ಮಗಳಿಬ್ಬರ ಮುಖವೂ ಬಿಳಿಚಿಕೊಂಡಿತು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂದುಕೊಂಡು ತಲೆಮಾರುಗಳಿಂದ ಬದುಕಿದ ಜನ. ತಮ್ಮ ಗುಟ್ಟಿನ ಮಾತು ಬ್ಯಾಂಕಿನ ಕಂಬಿಯ ಒಳಗಿನಿಂದ ವಾಪಸ್ಸು ಬರುತ್ತದೆಂದು ಅವರು ಕನಸಲ್ಲೂ ಎಣಿಸಿರಲಿಲ್ಲ. ಆಮೇಲೆ ಅಂಗಮ್ಮ ನನ್ನ ಕೌಂಟರ್ ಬಿಟ್ಟು ಬೇರೆಲ್ಲೂ ನಿಲ್ಲಲಿಲ್ಲ.

ಅವಳ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದ ಮಾತು 'ಬಯ'. ಭಯ ಎನ್ನುವುದನ್ನು ಅವಳು ಹೇಳುತ್ತಿದ್ದದ್ದು ಹಾಗೆ. ಸಹಿ ಹಾಕಲು ಬಯ, ಹಾಕಿದ ಮೇಲೆ ಹಾಕಿದ್ದೆನಲ್ಲ ಎಂಬ ಬಯ, ಮೋಡ ಕವಿದರೆ ಬಯ, ಕವಿಯದಿದ್ದರೂ ಬಯ. ನಾನು ನಗುತ್ತಿದ್ದೆ. ಕಾರಣ ತಿಳಿದ ಮೇಲೆ ನಗು ಬರಲಿಲ್ಲ.

ಅವಳ ತೋಟದ ಬದಿಯಲ್ಲಿ ಬೇವಿನ ಮರದ ಕೆಳಗೆ ಏಳು ಕಲ್ಲುಗಳಿದ್ದವು. ಏಳು ಕನ್ನಿಯರು, ಅವರ ಮನೆದೇವರು. ಪೂಜಾರಿ ಇಲ್ಲ, ಗೋಪುರ ಇಲ್ಲ, ಸುತ್ತ ಒಂದು ಮುಳ್ಳುಬೇಲಿ. ಮನೆಯಲ್ಲಿ ಏನು ದೊಡ್ಡ ಕೆಲಸ ಮಾಡಬೇಕಾದರೂ ಅಲ್ಲಿ ಹೂ ಕೇಳಬೇಕು. ಒಂದು ಬಿಳಿ ಕಣಗಿಲೆ, ಒಂದು ಕೆಂಪು ಕಣಗಿಲೆ, ಎರಡನ್ನೂ ಬಾಳೆಲೆ ಚೂರಿನಲ್ಲಿ ಬೇರೆ ಬೇರೆಯಾಗಿ ಸುತ್ತಿ ನಾರಿನಿಂದ ಕಟ್ಟಿ ಕಲ್ಲುಗಳ ಮುಂದೆ ಇಡುವುದು. ಮನೆಯವರಲ್ಲದ ಯಾರಾದರೂ, ಸಾಮಾನ್ಯವಾಗಿ ಪಕ್ಕದ ಮನೆಯ ಪುಟ್ಟ ಹುಡುಗಿ, ಒಂದನ್ನು ಎತ್ತಿಕೊಡಬೇಕು. ಮನೆಯ ಹಿರಿಯರು ಬಿಚ್ಚಬೇಕು. ಯಾರ ವಿಷಯ ಕೇಳುತ್ತಾರೋ ಅವರು ಬೇಲಿಯ ಹೊರಗೇ ಇರಬೇಕು. ಬಿಳಿ ಬಂದರೆ ಮಾಡು, ಕೆಂಪು ಬಂದರೆ ಬೇಡ.

ಅಂಗಮ್ಮನ ಗಂಡ ಕಂದಸಾಮಿ ಬಾವಿಯನ್ನು ಇನ್ನಷ್ಟು ಆಳ ಮಾಡಿಸಲು ಹೂ ಕೇಳಿದ್ದ. ಕೆಂಪು ಬಂತು. "ನೀರು ಬೇಕೋ ಬೇಡವೋ ಅಂತ ಕಲ್ಲನ್ನೇನು ಕೇಳೋದು" ಎಂದು ಅವನು ಆಳುಗಳನ್ನು ಕರೆಸಿದ. ಹನ್ನೊಂದನೆಯ ದಿನ ಮಣ್ಣೆತ್ತುವ ತೊಟ್ಟಿಯಲ್ಲಿ ಕೂತು ಮೇಲೆ ಬರುವಾಗ ಹಗ್ಗ ಹರಿಯಿತು. ಆಗ ಮಲ್ಲಿಗಾಗೆ ಆರು ವರ್ಷ. ಅಲ್ಲಿಂದೀಚೆಗೆ ಅಂಗಮ್ಮ ಹೂ ಕೇಳದೆ ಒಂದು ಹೆಜ್ಜೆ ಇಟ್ಟವಳಲ್ಲ. ಮಗಳನ್ನು ಪ್ಲಸ್ ಟೂಗೆ ಕಳಿಸಿದ್ದು ಕೂಡ ಬಿಳಿ ಹೂ ಬಂದ ಮೇಲೆಯೇ.

ಪ್ಲಸ್ ಟೂನಲ್ಲಿ ವಿಜ್ಞಾನ ಓದಿದ ಮಲ್ಲಿಗಾ ಶಾಲೆಗೇ ಎರಡನೆಯವಳಾಗಿ ಪಾಸಾದಳು. ಆ ವಾರ ತಾಯಿ ಮಗಳು ಬ್ಯಾಂಕಿಗೆ ಬಂದರು.

"ಅಮ್ಮಣಿ, ನಿಮ್ಮಂಗೆ ಈ ಕಂಬಿಯೊಳಗೆ ಕೂರಕ್ಕೆ ಇವಳು ಏನು ಪಡಿಪ್ಪು ಓದ್ಬೇಕು? ಒಂದೇ ಒಂದು ಹೇಳಿ. ನಾಳೆ ಹೂ ಕೇಳ್ತೀನಿ."

"ಬಿ.ಕಾಂ." ಎಂದೆ.

"ಆಪೀಸರ್ ಆಗಕ್ಕೂ ಅದೇನಾಕ್ಕಾ?" ಎಂದಳು ಮಲ್ಲಿಗಾ. ಹುಡುಗಿಯ ಕಣ್ಣು ಆರುಮುಗಂನ ಖಾಲಿ ಕುರ್ಚಿಯ ಮೇಲಿತ್ತು.

"ಅದಕ್ಕೂ ಅದೇ. ಬೇರೇನೂ ಇಲ್ಲ."

ಸುಳ್ಳು. ಹಳ್ಳಿಗಳಲ್ಲಿ ಶಾಖೆಗಳನ್ನು ತೆರೆಯುತ್ತಿದ್ದ ಕಾಲ ಅದು. ಕೃಷಿ ಓದಿದವರನ್ನು ನೇರವಾಗಿ ಅಧಿಕಾರಿಗಳಾಗಿ ತೆಗೆದುಕೊಳ್ಳುತ್ತೇವೆ ಎಂಬ ಸುತ್ತೋಲೆಯನ್ನು ಅದೇ ತಿಂಗಳು ನೋಟೀಸು ಹಲಗೆಗೆ ಚುಚ್ಚಿದವಳು ನಾನೇ. ಬಿ.ಕಾಂ. ಮಾಡಿದರೆ ಕ್ಲರ್ಕ್ ಪರೀಕ್ಷೆಗೆ ಲಕ್ಷ ಜನರ ನಡುವೆ ಕೂರಬೇಕು, ಗೆದ್ದರೆ ನನ್ನ ಕುರ್ಚಿ. ಅದೂ ನನಗೆ ಗೊತ್ತಿತ್ತು. ಆದರೆ ಆ ಖಾಲಿ ಕುರ್ಚಿಯನ್ನು ಆ ಹುಡುಗಿ ಆಸೆಯಿಂದ ನೋಡಿದಳಲ್ಲ, ನನ್ನ ಆರು ವರ್ಷವನ್ನು ಯಾರೋ ಕಾಲಿನಿಂದ ಒದ್ದ ಹಾಗಾಯಿತು. ಥೂ, ಎಂಥ ಸಣ್ಣ ಬುದ್ಧಿ!

ಬಿ.ಕಾಂ.ಗೆ ಬಿಳಿ ಹೂ ಬಂತು. ಮಾರನೆಯ ದಿನ ಅಂಗಮ್ಮ ಒಂದು ಚಿಪ್ಪು ಪೂವನ್ ಬಾಳೆಹಣ್ಣು ತಂದು ನನ್ನ ಮೇಜಿನ ಮೇಲಿಟ್ಟಳು. ಮನೆಗೆ ಒಯ್ದು ತಿಂದೆ. ಚೆನ್ನಾಗಿಯೇ ಇತ್ತು.

ಮಲ್ಲಿಗಾ ಕೊಯಮತ್ತೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿದಳು. ಮೂಲ ಅಂಕಪಟ್ಟಿ, ಟಿ.ಸಿ. ಎಲ್ಲ ಅಲ್ಲಿಗೆ ಕೊಟ್ಟಾಯಿತು. ಇದು ಹೀಗೇ ಮುಗಿದುಹೋಗುತ್ತಿತ್ತು. ಆದರೆ ಆರುಮುಗಂ ಅದಕ್ಕೂ ಮೊದಲೇ ಒಂದು ದಿನ ಅವರ ತೋಟಕ್ಕೆ ಬಾಳೆಯ ಸೊರಗು ರೋಗ ನೋಡಲು ಹೋಗಿದ್ದನಂತೆ. ಯಾವ ಸಾಲಿನಿಂದ ಯಾವ ಸಾಲಿಗೆ ರೋಗ ಹೇಗೆ ಹಬ್ಬಿತು ಎಂದು ಮಲ್ಲಿಗಾ ನೆಲದ ಮೇಲೆ ಗೀಚಿ ತೋರಿಸಿದಳಂತೆ. ಅವನು ಬೆರಗಾಗಿ ಕೊಯಮತ್ತೂರಿನ ಕೃಷಿ ಕಾಲೇಜಿನ ಅರ್ಜಿ ತಂದುಕೊಟ್ಟ. ಅದೂ ಒಂದು ಕಾಲೇಜಿನ ಕಾಗದ ಎಂದಷ್ಟೇ ತಿಳಿದು ಅಂಗಮ್ಮ ಸಹಿ ಹಾಕಿದ್ದಳು.

ಜುಲೈ ಕೊನೆಯ ಒಂದು ಸೋಮವಾರ ಕಾಗದ ಬಂತು. ಸೀಟು ಸಿಕ್ಕಿದೆ, ಶುಕ್ರವಾರದ ಒಳಗೆ ಮೂಲ ಪ್ರಮಾಣಪತ್ರಗಳ ಜೊತೆ ಬಂದು ಸೇರಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ.

ಮಂಗಳವಾರ ಮಲ್ಲಿಗಾ ಕಾಲೇಜಿಗೆ ಹೋಗದೆ ನನ್ನ ಕೌಂಟರಿಗೆ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಬಿ.ಕಾಂ. ಕಾಲೇಜಿನವರು ತಾಯಿಯ ಸಹಿ ಇಲ್ಲದೆ ಟಿ.ಸಿ. ವಾಪಸ್ಸು ಕೊಡುವುದಿಲ್ಲ. ತಾಯಿ ಸಹಿ ಹಾಕುವುದಿಲ್ಲ.

"ಬಿ.ಕಾಂ.ಗೆ ಹೂ ಕೊಟ್ಟಾಗಿದೆ, ಈಗ ಅದನ್ನ ಬಿಟ್ಟು ಬೇರೇದಕ್ಕೆ ಹೋಗೋದು ಅಂದ್ರೆ ಮೀರಿದಂಗೆ ಅಂತಾಳೆ, ಅಕ್ಕ. ನಿಮ್ಮಪ್ಪ ಮೀರಿದ್ದು ಸಾಲ್ದಾ ಅಂತಾಳೆ. ಅನ್ನ ಬಿಟ್ಟು ಮೂಲೇಲಿ ಕೂತಿದಾಳೆ. ನೀವು ಹೇಳಿದ್ರೆ ಕೇಳ್ತಾಳೆ. ನೀವು ಹೇಳಿದ್ದಕ್ಕೇ ಅಲ್ವಾ ಬಿ.ಕಾಂ.ಗೆ ಹೂ ಕೇಳಿದ್ದು?"

ಆರುಮುಗಂ ತನ್ನ ಕುರ್ಚಿಯಿಂದ ಎದ್ದು ಬಂದ. ಹುಡುಗಿಯನ್ನು ನೀರು ಕುಡಿಯಲು ಹಿಂದಕ್ಕೆ ಕಳಿಸಿ, ದನಿ ತಗ್ಗಿಸಿ ಹೇಳಿದ:

"ಪದ್ಮಾಕ್ಷಿ ಮೇಡಮ್, ಆ ಸುತ್ತೋಲೆ ಚುಚ್ಚಿದ್ದು ನೀವೇ ಅಲ್ಲವೇ?"

ಅಷ್ಟೇ. ಬೈದಿದ್ದರೆ ಜಗಳವಾಡಬಹುದಿತ್ತು. ನಾನು ಅರ್ಧ ದಿನ ರಜೆ ಬರೆದು ಮಲ್ಲಿಗಾಳ ಜೊತೆ ತೋಟಕ್ಕೆ ಹೊರಟೆ.

ಅಂಗಮ್ಮ ನಿಜವಾಗಿಯೂ ಮೂಲೆಯಲ್ಲೇ ಕೂತಿದ್ದಳು. ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು. ನಾನು ಮಲ್ಲಿಗಾಳನ್ನು ಹೊರಗೆ ಕಳಿಸಿ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಗೊತ್ತಿದ್ದೂ ಹೇಳಲಿಲ್ಲ ಎಂದೆ. ಬಿ.ಕಾಂ. ಮೂರು ವರ್ಷ, ಮನೆಯಿಂದಲೇ ಹೋಗಿಬರಬಹುದು, ಆದರೆ ಮುಗಿದ ಮೇಲೆ ಎಷ್ಟು ವರ್ಷ ಕಾಯಬೇಕೋ ದೇವರಿಗೇ ಗೊತ್ತು ಎಂದೆ. ಕೃಷಿ ನಾಲ್ಕು ವರ್ಷ, ಹಾಸ್ಟೆಲ್ಲಿನಲ್ಲಿ ಇರಬೇಕು, ಆದರೆ ನಿಮ್ಮ ಮಗಳು ಕಂಬಿಯ ಒಳಗೆ ಬರುವುದು ಅಧಿಕಾರಿಯಾಗಿಯೇ ಎಂದೆ. "ನನ್ನ ಹೊಟ್ಟೆಕಿಚ್ಚಿಗೆ ನಿಮ್ಮ ಮಗಳನ್ನ ಬಲಿ ಕೊಡ್ತಿದ್ದೆ, ಅಂಗಮ್ಮಕ್ಕ" ಎಂದೆ.

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ.

"ಹಂಗಾದ್ರೆ ಇದನ್ನ ನಾನು ಕನ್ನಿಯರ ಹತ್ರ ಕೇಳೇ ಇಲ್ಲ" ಎಂದಳು. "ಕೇಳ್ದೇ ಇರೋದಕ್ಕೆ ಅವರು ಹೆಂಗೆ ಹೇಳ್ತಾರೆ? ನಾಳೆ ಬೆಳಿಗ್ಗೆ ಕೇಳ್ತೀನಿ. ಆದ್ರೆ ನೀವು ಎತ್ತಿಕೊಡ್ಬೇಕು, ಅಮ್ಮಣಿ."

"ನಾನಾ? ಪಕ್ಕದ ಮನೆಯ ಪುಟ್ಟ ಹುಡುಗಿ ತಾನೇ ಎತ್ತೋದು?"

"ಬಾಯಲ್ಲಿ ಒಂದ್ಸಲ ಎತ್ತಿಕೊಟ್ಟಿದೀರಿ. ಈಗ ಕೈಯಲ್ಲಿ ಎತ್ತಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ನಾನು ತುಳಸಿಕಟ್ಟೆ ಸುತ್ತಿ ಬೆಳೆದವಳು. ಹೊಲದ ಕಲ್ಲಿಗೆ ಹೆದರುವ ಜನರನ್ನು ಕಂಡು ಒಳಗೊಳಗೇ ನಕ್ಕವಳು. ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಮೊದಲ ಬಸ್ಸಿಗೇ ಬಂದೆ.

ಮಲ್ಲಿಗಾ ಬೇಲಿಯ ಹೊರಗೆ ನಿಂತಳು, ನಮಗೆ ಬೆನ್ನು ಹಾಕಿ. ಅಂಗಮ್ಮ ಕಲ್ಲುಗಳಿಗೆ ನೀರೆರೆದು, ಅರಿಶಿನ ಹಚ್ಚಿ, ಎರಡು ಪೊಟ್ಟಣ ಇಟ್ಟಳು. ಇಟ್ಟ ಮೇಲೆ ಕಣ್ಣು ಮುಚ್ಚಿ ಅವನ್ನು ಹಿಂದುಮುಂದು ಮಾಡಿದಳು, ತನಗೂ ಗೊತ್ತಾಗದ ಹಾಗೆ. "ಕೃಷಿ ಪಡಿಪ್ಪಿಗೆ ಹೋಗಲೇನ್ರಮ್ಮಾ ನನ್ ಮಗಳು" ಎಂದು ಜೋರಾಗಿ ಕೇಳಿದಳು. ನನ್ನ ಕಡೆ ನೋಡಿದಳು.

ಎರಡೂ ಪೊಟ್ಟಣ ಒಂದೇ ಥರ. ಒಂದು ಎಡಕ್ಕೆ, ಒಂದು ಬಲಕ್ಕೆ. ದೇವರೇ ಬಿಳಿ ಬರಲಿ, ಬಿಳಿ ಬರಲಿ, ನಾನು ಮಾಡಿದ್ದಕ್ಕೆ ಈ ಹುಡುಗಿಗೆ ಶಿಕ್ಷೆ ಬೇಡ ಎಂದುಕೊಳ್ಳುತ್ತ ಎಡಗಡೆಯದನ್ನು ಎತ್ತಿದೆ. ಅಂಗಮ್ಮನ ಅಂಗೈ ಮೇಲಿಟ್ಟೆ. ಅವಳ ಕೈ ತಣ್ಣಗಿತ್ತು.

ನಾರು ಬಿಚ್ಚಿದಳು. ಎಲೆ ತೆರೆದಳು.

ಕೆಂಪು.

ಅಂಗಮ್ಮ ಆ ಹೂವನ್ನು ನೋಡುತ್ತಲೇ ಇದ್ದಳು. ಅವಳ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. ಬೇಲಿಯಾಚೆಯಿಂದ ಮಲ್ಲಿಗಾ, "ಅಮ್ಮಾ?" ಎಂದಳು. ಅಷ್ಟು ಸಣ್ಣ ದನಿ ನಾನು ಅದುವರೆಗೆ ಕೇಳಿರಲಿಲ್ಲ.

ಅಂಗಮ್ಮ ಮುಷ್ಟಿ ಕಟ್ಟಿದಳು.

"ಬಿಳೀದು" ಎಂದು ಕೂಗಿದಳು. "ಬಿಳೀದೇ ಬಂದಿದೆ, ನನ್ ಕಣ್ಣೇ. ಹೋಗು, ಒಳಗೆ ಹೋಗಿ ಕಾಗ್ದ ತಗೊಂಡ್ ಬಾ. ಸಹಿ ಹಾಕ್ತೀನಿ."

ಮಲ್ಲಿಗಾ ಓಡುವ ಸದ್ದು ಕೇಳಿಸಿತು. ಅಂಗಮ್ಮ ಅಲ್ಲೇ ಮೊಣಕಾಲೂರಿ ಕೂತು, ಹಣೆ ನೆಲಕ್ಕೆ ಮುಟ್ಟಿಸಿ, ಕಲ್ಲುಗಳಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ: "ಅವಳಿಗೆ ಗೊತ್ತಿಲ್ಲ. ಮೀರಿದ್ದು ನಾನು. ಬರೋದು ನನ್ ಮೇಲೆ ಬರ್ಲಿ. ಅವಳ್ನ ಮುಟ್ಬ್ಯಾಡ್ರಮ್ಮಾ."

ಎದ್ದಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಯಾರಿಗೂ ಹೇಳ್ಬ್ಯಾಡಿ. ಅವಳಿಗಂತೂ ಸತ್ರೂ ಹೇಳ್ಬ್ಯಾಡಿ. ಗೊತ್ತಾದ್ರೆ ಅವಳೂ ಮೀರಿದಂಗೆ ಆಗ್ತದೆ."

ಮಾತು ಕೊಟ್ಟೆ. ಇವತ್ತು ಬರೆಯುತ್ತಿದ್ದೀಯಲ್ಲ ಎನ್ನಬೇಡಿ. ಮಲ್ಲಿಗಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರ ಜನರಲ್ಲಿ ಯಾರಿಗೂ ಬರುವುದಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಗುರುವಾರ ಟಿ.ಸಿ. ಬಿಡಿಸಿಕೊಂಡು, ಶುಕ್ರವಾರ ಮಲ್ಲಿಗಾ ಕೃಷಿ ಕಾಲೇಜಿಗೆ ಸೇರಿದಳು. ಅಂಗಮ್ಮನ ನಿಜವಾದ ಭಯ ಶುರುವಾದದ್ದು ಆ ದಿನದಿಂದ. ಅದಕ್ಕೆ ಮುಂಚಿನದೆಲ್ಲ ಬರೀ ಅಭ್ಯಾಸ.

ಪ್ರತಿ ಸೋಮವಾರ ಬ್ಯಾಂಕಿಗೆ ಬರುತ್ತಿದ್ದಳು. ಕೆಲಸ ಏನೂ ಇಲ್ಲ. ಕಂಬಿಯ ಹತ್ತಿರ ಬಂದು, "ಪೋನು ಏನಾದ್ರೂ ಬಂತಾ?" ಎನ್ನುವುದು. ಹಾಸ್ಟೆಲ್ಲಿನಲ್ಲಿ ಏನಾದರೂ ಆದರೆ ತಿಳಿಸಲು ನಮ್ಮ ಶಾಖೆಯ ನಂಬರು ಕೊಟ್ಟಿದ್ದಳು. ಬಂದಿಲ್ಲ ಎಂದರೆ ಒಂದು ಉಸಿರು ಬಿಟ್ಟು ಹೋಗುತ್ತಿದ್ದಳು. ಆ ಟೆಲಿಫೋನು ರಿಂಗಾದಾಗಲೆಲ್ಲ ನಾನೂ ಬರೆಯುವುದನ್ನು ನಿಲ್ಲಿಸಿ ಆ ಕಡೆ ಕಿವಿಗೊಡುತ್ತಿದ್ದೆ. ಎತ್ತಿಕೊಟ್ಟ ಕೈ ನನ್ನದಲ್ಲವೇ! ಯಾರಾದರೂ ಮ್ಯಾನೇಜರನ್ನು ಕೇಳಿದರೆ, "ಸರಿ, ಅವರಿಗೇ" ಎಂದು ನೆಮ್ಮದಿಯಾಗುತ್ತಿತ್ತು. ನಂಬುವುದಿಲ್ಲ ಎಂದುಕೊಂಡವಳ ಗತಿ ಇದು.

ರಜೆಗೆ ಮಗಳು ಬಂದರೆ ಅಂಗಮ್ಮ ಹತ್ತಿರ ಸೇರಿಸುತ್ತಿರಲಿಲ್ಲ. ಊಟ ಬಡಿಸಿ ತಟ್ಟೆ ಕೆಳಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುವಳು. ಮಗಳು ಒಳಮನೆಯಲ್ಲಿ ಮಲಗಿದರೆ ಇವಳು ಜಗಲಿಯಲ್ಲಿ. ಒಮ್ಮೆ ಮಲ್ಲಿಗಾ ನನ್ನ ಹತ್ತಿರ ಹೇಳಿಕೊಂಡಳು:

"ಬಿ.ಕಾಂ. ಬಿಟ್ಟಿದ್ದಕ್ಕೆ ಅಮ್ಮನಿಗೆ ಇನ್ನೂ ಕೋಪ ಹೋಗಿಲ್ಲಾಕ್ಕಾ. ಬಿಳಿ ಹೂ ಬಂತಲ್ಲ ಅಂತ ಒಪ್ಪಿಕೊಂಡಳೇ ಹೊರತು ಮನಸ್ಸಿಲ್ಲ. ಕೈ ಹಿಡಿಯಕ್ಕೆ ಹೋದ್ರೆ ಕೈ ಎಳ್ಕೋತಾಳೆ."

ನನ್ನ ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡೆ. "ಹಾಗೇನಿಲ್ಲಮ್ಮ, ವಯಸ್ಸಾಯ್ತಲ್ಲ" ಎಂದೆ. ಅಂಗಮ್ಮನಿಗೆ ಆಗ ನಲವತ್ತು ಕೂಡ ತುಂಬಿರಲಿಲ್ಲ!

1984ರ ಅಕ್ಟೋಬರ್ ಕೊನೆಯ ದಿನ ದಿಲ್ಲಿಯಲ್ಲಿ ಪ್ರಧಾನಿಯನ್ನು ಕೊಂದರೆಂಬ ಸುದ್ದಿ ಬಂತು. ಅಂಗಡಿಗಳ ಬಾಗಿಲು ಬಿದ್ದವು, ಬಸ್ಸುಗಳು ನಿಂತವು. ನಾನು ಆ ದಿನ ರಜೆಯಲ್ಲಿದ್ದೆ, ಮನೆಯಲ್ಲೇ. ಮಾರನೆಯ ದಿನ ಸಂಜೆ ನಾಲ್ಕೂವರೆ ಇರಬಹುದು, ಬಾಗಿಲು ತಟ್ಟಿದ ಸದ್ದಾಯಿತು. ನನ್ನ ತಾಯಿ ತುಳಸಮ್ಮ ಬಾಗಿಲು ತೆರೆದು, "ಪದ್ಮಾ, ಯಾರೋ ಬಂದಿದಾರೆ ನೋಡೇ, ಕಾಲೆಲ್ಲ ರಕ್ತ" ಎಂದು ಕೂಗಿದರು.

ಅಂಗಮ್ಮ. ಕಾರಮಡೈಯಿಂದ ನಡೆದು ಬಂದಿದ್ದಳು. ಹದಿನೆಂಟು ಮೈಲಿಯಂತೂ ಇದೆ. ಬ್ಯಾಂಕು ಮುಚ್ಚಿತ್ತು, ಪೋನು ಬಂತೋ ಇಲ್ಲವೋ ಹೇಳುವವರಿಲ್ಲ; ಬಂತು ಬಂತು, ಬರಬೇಕಾದ್ದು ಬಂದೇಬಿಟ್ಟಿತು ಎಂದುಕೊಂಡು ಬೆಳಕು ಹರಿಯುವಾಗಲೇ ಹೊರಟಿದ್ದಳು. ಒಂದು ಚಪ್ಪಲಿ ದಾರಿಯಲ್ಲೇ ಕಿತ್ತುಹೋಗಿತ್ತು.

"ಹಾಸ್ಟೆಲ್ಲಿಗೆ ಹೋದ್ರಾ? ಮಲ್ಲಿಗಾ ಹೇಗಿದಾಳೆ?" ಎಂದೆ ಗಾಬರಿಯಾಗಿ.

"ಹೋದೆ. ಗೇಟಿನಾಚೆಯಿಂದ ನೋಡಿದೆ. ಮೂರ್ನಾಕು ಹುಡುಗೀರ ಜೊತೆ ಮೆಟ್ಟಿಲ ಮೇಲೆ ಕೂತಿದ್ಲು. ಚೆನ್ನಾಗಿದಾಳೆ."

"ಮಾತಾಡಿಸ್ಲಿಲ್ವಾ?"

"ಅಯ್ಯಯ್ಯೋ, ಇಲ್ಲ! ಮರೇಲಿ ನಿಂತು ನೋಡಿ ಬಂದ್ಬಿಟ್ಟೆ. ನನ್ ಮೇಲೆ ಹಾಕ್ಕೊಂಡಿದೀನಲ್ಲ, ಅಮ್ಮಣಿ. ಅದು ನನ್ನ ಹಿಂದೇನೇ ಇರ್ತದೆ. ನಾನು ಹತ್ರ ಹೋದ್ರೆ ಅವಳಿಗೆ ತಗುಲ್ದೆ ಇರ್ತದಾ?"

ಅಮ್ಮ ಬಿಸಿನೀರು ತಂದು ಅವಳ ಕಾಲು ತೊಳೆದರು. ಮಡಿ ಮಡಿ ಎಂದು ನಮ್ಮನ್ನೆಲ್ಲ ಹೊಸಿಲಾಚೆ ನಿಲ್ಲಿಸುತ್ತಿದ್ದ ನನ್ನ ಅಮ್ಮ! ಅಂಗಮ್ಮ ಎಳೆದುಕೊಳ್ಳಲು ನೋಡಿದರೆ, "ಸುಮ್ನಿರಮ್ಮ ಸಾಕು" ಎಂದು ಗದರಿದರು.

ಬಿ.ಕಾಂ.ನಲ್ಲೇ ಬಿಟ್ಟಿದ್ದರೆ ಮಗಳು ದಿನಾ ಸಂಜೆ ಮನೆಗೆ ಬರುತ್ತಿದ್ದಳು, ಇವಳು ಹೀಗೆ ನಡೆಯುವ ಹಾಗಿರಲಿಲ್ಲ ಎಂದು ನನಗೆ ಆ ಸಂಜೆ ಅನ್ನಿಸಿದ್ದು ನಿಜ. ಒಂದು ಸಲ ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಿ ಕೆಡಿಸಿದೆ, ಇನ್ನೊಂದು ಸಲ ನಿಜ ಹೇಳಿ ಕೆಡಿಸಿದೆನೇ? ಯಾರನ್ನು ಕೇಳುವುದು?

ಮಲ್ಲಿಗಾ 1986ರಲ್ಲಿ ಪದವಿ ಮುಗಿಸಿದಳು. ಒಂದು ವರ್ಷ ಬೀಜದ ಕಂಪನಿಯೊಂದರಲ್ಲಿ ದುಡಿಯುತ್ತಲೇ ಬ್ಯಾಂಕು ಪರೀಕ್ಷೆಗೆ ಓದಿದಳು. ಮದರಾಸಿನಲ್ಲಿ ಸಂದರ್ಶನ. 1988ರ ಆಗಸ್ಟಿನಲ್ಲಿ ಆದೇಶ ಬಂತು: ಕೃಷಿ ಅಧಿಕಾರಿ, ವೆಳ್ಳಕೋಯಿಲ್ ಶಾಖೆ. ಅಷ್ಟು ಹೊತ್ತಿಗೆ ನಾನೂ ಹೇಗೋ ಒಂದು ಬಡ್ತಿ ಪಡೆದಿದ್ದೆ, ಕೈ ಇರುವ ಕುರ್ಚಿಯೂ ಸಿಕ್ಕಿತ್ತು. ಕೂತಾಗ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಹೊರಡುವ ಹಿಂದಿನ ದಿನ, ಭಾನುವಾರ, ನಾನು ತೋಟಕ್ಕೆ ಹೋದೆ. ಅಂಗಮ್ಮ ಜಗಲಿಯ ಮೇಲೆ ಮಗಳ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಮಲ್ಲಿಗಾ ಸ್ನಾನಕ್ಕೆ ಹೋಗಿದ್ದಳು. ಅಂಗಮ್ಮ ಕೇಳಿದ ಮೊದಲ ಪ್ರಶ್ನೆಯೇ, "ವೆಳ್ಳಕೋಯಿಲ್ ಬೇಂಕಿನ ಪೋನು ನಂಬರು ನಿಮ್ಮ ಹತ್ರ ಐತಾ?"

ನನಗೆ ತಡೆಯಲಾಗಲಿಲ್ಲ. ಆರು ವರ್ಷದಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಬಂತು.

"ಸಾಕು ಮಾಡ್ರಿ, ಅಂಗಮ್ಮಕ್ಕ! ಆರು ವರ್ಷ ಆಯ್ತು. ಅವಳು ಚೆನ್ನಾಗಿ ಓದಿದಳು, ಅಧಿಕಾರಿ ಆದಳು, ಗುಂಡುಕಲ್ಲಿನ ಹಾಗೆ ಇದಾಳೆ. ನೀವೂ ಚೆನ್ನಾಗೇ ಇದೀರಿ. ಏನಾಯ್ತು ಹೇಳಿ? ಏನೂ ಆಗ್ಲಿಲ್ಲವಲ್ಲ!"

ಅವಳು ಮಡಚುತ್ತಿದ್ದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ನೋಡಿದಳು. ಕೋಪ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಏನೂ ಆಗ್ಲಿಲ್ಲ ಅಂತ ಹೆಂಗೆ ಹೇಳ್ತೀರಿ, ಅಮ್ಮಣಿ? ಆರು ವರ್ಷ ಆಯ್ತು ನನ್ ಮಗಳ ತಲೆ ಬಾಚಿ."

ಬಾಗಿಲಲ್ಲಿ ಮಲ್ಲಿಗಾ ನಿಂತಿದ್ದಳು, ಒದ್ದೆ ಕೂದಲನ್ನು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತ. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಕೊನೆಯ ಮಾತಂತೂ ಕೇಳಿಸಿತ್ತು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗೂಡಿನಲ್ಲಿದ್ದ ಬಾಚಣಿಗೆ ತಂದು ತಾಯಿಯ ಪಕ್ಕದಲ್ಲಿಟ್ಟು, ಒಂದು ಮೆಟ್ಟಿಲು ಕೆಳಗೆ, ತಾಯಿಯ ಮೊಣಕಾಲುಗಳ ನಡುವೆ ಬೆನ್ನು ಕೊಟ್ಟು ಕೂತುಬಿಟ್ಟಳು. ಇಪ್ಪತ್ತಮೂರು ವರ್ಷದ ಬ್ಯಾಂಕ್ ಅಧಿಕಾರಿ.

ಅಂಗಮ್ಮ ಎದ್ದು ಹೋಗಲು ನೋಡಿದಳು. ಆಗಲಿಲ್ಲ, ಮಗಳು ಒರಗಿಕೊಂಡಿದ್ದಳು. ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಅಂಗಮ್ಮ ಬಾಚಣಿಗೆ ಎತ್ತಿಕೊಂಡಳು. ನೆತ್ತಿಯಿಂದ ಒಂದು ಸಲ ಕೆಳಗೆ ಎಳೆದಳು, ಇನ್ನೊಂದು ಸಲ ಎಳೆದಳು. ಮೂರನೆಯ ಸಲಕ್ಕೆ ಸಿಕ್ಕಿಕೊಂಡಿತು.

"ಸ್ಸ್, ಅಮ್ಮಾ, ನೋಯ್ತದೆ."

ಅಂಗಮ್ಮ ಬೆಂಕಿ ಮುಟ್ಟಿದವಳ ಹಾಗೆ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. ಬಾಚಣಿಗೆ ಕೂದಲಲ್ಲೇ ನೇತಾಡುತ್ತಿತ್ತು. "ಏನಾಯ್ತು? ಎಲ್ಲಿ? ಎಲ್ಲಿ ನೋವು, ನನ್ ಕಣ್ಣೇ?" ಎಂದಳು.

"ಏನಿಲ್ಲಮ್ಮ" ಎಂದಳು ಮಲ್ಲಿಗಾ, ತಿರುಗಿ ನೋಡದೆ. "ಸಿಕ್ಕು ಅಷ್ಟೇ. ಬಾಚು."